‘ಏನಿಲ್ರೀ’ ಬಿಡಿಸುವ ಕೆಲಸ

ನನ್ನ ಜಾಗಕ್ಕೆ ಹೊಸದಾಗಿ ಬಂದಿರುವ ಹುಡುಗಿ ಮೊನ್ನೆ ಫೋನ್ ಮಾಡಿ, "ಮೇಡಂ, ಇಂಟರ್‌ವ್ಯೂ ತಯಾರಿ ಮಾಡಿಸೋದು ಅಂದ್ರ ಖರೇ ಏನ್ ಮಾಡ್ಬೇಕ್ರೀ?" ಎಂದು ಕೇಳಿದಳು. ಇಂಗ್ಲಿಷ್ ಎಂ.ಎ. ಮಾಡಿದ್ದಾಳೆ, ಚೆನ್ನಾಗಿ ಓದಿಕೊಂಡಿದ್ದಾಳೆ, ಪಾಪ, ಹೆದರಿದ್ದಾಳೆ. ಫೋನಿನಲ್ಲೇ ಹೇಳಿಬಿಡೋಣವೆಂದು ಬಾಯಿ ತೆರೆದೆ. ಎರಡು ವಾಕ್ಯ ಆಗುವಷ್ಟರಲ್ಲಿ ತಡವರಿಸಿದೆ. "ಬರೆದು ಕೊಡ್ತೀನವ್ವಾ, ತಡಿ" ಎಂದೆ. ಜೀವನವೆಲ್ಲ ಬೇರೆಯವರಿಗೆ ನೆಟ್ಟಗೆ ಉತ್ತರ ಕೊಡುವುದನ್ನು ಕಲಿಸಿದವಳು ನಾನು. ನಮ್ಮ ಡೈರೆಕ್ಟರ್ ಸರ್ ಇದನ್ನು ಕೇಳಿದ್ದರೆ ವಾರಗಟ್ಟಲೆ ನಗುತ್ತಿದ್ದರು.

ನಮ್ಮ ಕ್ಲಾಸು ಕಲಬುರಗಿಯ ಖೂಬಾ ಪ್ಲಾಟಿನಲ್ಲಿ, ಒಂದು ಔಷಧಿ ಅಂಗಡಿಯ ಮೇಲೆ. ಬಿಸಿನೆಸ್ ಸ್ಕೂಲುಗಳ ಪ್ರವೇಶ ಪರೀಕ್ಷೆಗೆ, ಅದು ಪಾಸಾದವರಿಗೆ ಸಂದರ್ಶನಕ್ಕೆ ತಯಾರಿ ಮಾಡಿಸುವ ಕ್ಲಾಸು. ಡೈರೆಕ್ಟರ್ ಸರ್ ಗಣಿತ ಹೇಳುತ್ತಿದ್ದರು, ನಾನು ಇಂಗ್ಲಿಷ್ ಮತ್ತು ಇಂಟರ್‌ವ್ಯೂ. ಅವರ ಲೆಕ್ಕದಲ್ಲಿ ನನ್ನದು ಕಲಿಸುವ ಕೆಲಸವೇ ಅಲ್ಲ. "ಮೇಡಂ, ಬೇಜಾರ್ ಮಾಡ್ಕೋಬ್ಯಾಡ್ರಿ. ಲೆಕ್ಕ ಅಂದ್ರ ಅಡಗಿ ಮಾಡೋದು. ನಿಮ್ದು ಮ್ಯಾಲ ಕೊತಂಬ್ರಿ ಹಾಕೋದು" ಎಂದು ಹುಡುಗರ ಎದುರಿಗೇ ಹೇಳುವರು. ಹಾಗೆ ಹೇಳಿದ ಮನುಷ್ಯನೇ ಅಣಕು ಸಂದರ್ಶನಕ್ಕೆಂದು ತಮ್ಮ ಮದುವೆಯ ಕೋಟನ್ನು ತಂದು ಕ್ಲಾಸಿನ ಮೊಳೆಗೆ ನೇತು ಹಾಕಿದ್ದರು. ಸಣ್ಣಗಿರಲಿ ದಪ್ಪಗಿರಲಿ, ಎಲ್ಲ ಹುಡುಗರೂ ಸರದಿಯ ಮೇಲೆ ಅದೇ ಕೋಟು ಹಾಕಿಕೊಂಡು ನನ್ನ ಎದುರು ಕೂರುತ್ತಿದ್ದರು. ಬೇಸಿಗೆಯಲ್ಲಿ, ಕಲಬುರಗಿಯ ಬೇಸಿಗೆಯಲ್ಲಿ, ಆ ಉಣ್ಣೆಯ ಕೋಟು. ಬೆವರಿಗೆ ಯಾವುದು ಕಾರಣ, ನನ್ನ ಪ್ರಶ್ನೆಯೋ ಸರ್ ಕೋಟೋ, ತಿಳಿಯುತ್ತಿರಲಿಲ್ಲ.

ಸರ್ ಒರಟರು, ಆದರೆ ಯಾರನ್ನೂ ಕೈಬಿಟ್ಟವರಲ್ಲ. ಒಮ್ಮೆ ಒಬ್ಬ ಹುಡುಗನ ತಂದೆ ಆಳಂದ ಕಡೆಯಿಂದ ಪೇಢೆಯ ಡಬ್ಬಿ ಹಿಡಿದುಕೊಂಡು ಬಂದರು. ಮಗನಿಗೆ ಅರವತ್ತು ಪರ್ಸೆಂಟೈಲ್ ಬಂದಿತ್ತು. ಅದು ಎಷ್ಟು ಜನರನ್ನು ಹಿಂದೆ ಹಾಕಿದ ಎಂಬ ಲೆಕ್ಕ, ಅವರು ನೂರಕ್ಕೆ ಅರವತ್ತು ಅಂಕ, ಫಸ್ಟ್ ಕ್ಲಾಸ್ ಎಂದು ತಿಳಿದಿದ್ದರು. ಊರಲ್ಲಿ ಹಂಚಿ, ಉಳಿದದ್ದನ್ನು ನಮಗೆ ತಂದಿದ್ದರು. ಅರವತ್ತು ಪರ್ಸೆಂಟೈಲಿಗೆ ಒಳ್ಳೆಯ ಕಾಲೇಜಿನ ಗೇಟಿನ ಮುಂದೆ ನಿಲ್ಲಲೂ ಆಗುವುದಿಲ್ಲ ಎಂದು ಯಾರು ಹೇಳಬೇಕು? ನಾನು ಸರ್ ಮುಖ ನೋಡಿದೆ. ಸರ್ ಪೇಢೆ ಬಾಯಿಗೆ ಹಾಕಿಕೊಂಡು, "ಚೊಲೊ ಆತ್ರಿ ಯಜಮಾನ್ರ. ಮುಂದಿನ ವರ್ಷ ಇನ್ನಾ ಚೊಲೊ ಬರ್ತದ, ಹುಡುಗನ್ನ ಇಲ್ಲೇ ಬಿಡ್ರಿ" ಎಂದರು. ಮುಂದಿನ ವರ್ಷ ಆ ಹುಡುಗನನ್ನು ನಿಜಕ್ಕೂ ಮೇಲೆತ್ತಿದರು. ಪರೀಕ್ಷೆಯ ತಯಾರಿಯ ಮಟ್ಟಿಗೆ ಅವರನ್ನು ಮೀರಿಸಿದವರನ್ನು ನಾನು ನೋಡಿಲ್ಲ.

ನನ್ನ ಕೆಲಸದ ವಿಷಯಕ್ಕೆ ಬರುತ್ತೇನೆ. ಅದರ ಮುಕ್ಕಾಲು ಪಾಲು ಒಂದೇ ಒಂದು ಮಾತನ್ನು ಹುಡುಗರ ಬಾಯಿಂದ ಬಿಡಿಸುವುದಾಗಿತ್ತು. ‘ಏನಿಲ್ರೀ.’

ನಮ್ಮ ಭಾಗದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಗಳ ಮದುವೆಯ ಕಾರ್ಡು ಚೀಲದಲ್ಲಿಟ್ಟುಕೊಂಡು ಬಂದವನನ್ನು ಏನಪ್ಪ ಬಂದದ್ದು ಎಂದು ಕೇಳಿದರೆ, "ಏನಿಲ್ರೀ, ಹಂಗೇ ಬಂದೀನಿ" ಎನ್ನುತ್ತಾನೆ. ತೊಗರಿಯ ದಾಲ್ ಮಿಲ್ ಇರುವವನನ್ನು ಏನು ಮಾಡುತ್ತೀರಿ ಎಂದು ಕೇಳಿದರೆ, "ಏನಿಲ್ರೀ, ಸಣ್ಣದೊಂದು ಮಿಲ್ ಅದ" ಎನ್ನುತ್ತಾನೆ. ಇದ್ದದ್ದನ್ನು ಇದೆ ಎಂದು ನೆಟ್ಟಗೆ ಹೇಳಿದರೆ ಸೊಕ್ಕು ಎಂದುಕೊಳ್ಳುತ್ತಾರೆ, ಮೇಲಾಗಿ ಕಣ್ಣು ತಾಗುತ್ತದೆ. ಅದಕ್ಕೆ ಮೊದಲು ಇಲ್ಲ ಎಂದು ಒಂದು ಹನಿ ನೀರು ಚಿಮುಕಿಸಿ, ಆಮೇಲೆ ವಿಷಯಕ್ಕೆ ಬರುವುದು. ಕೇಳುವವನಿಗೂ ಇದು ಗೊತ್ತು, ಆದ್ದರಿಂದ ಅವನು ಕಾಯುತ್ತಾನೆ.

ಕನ್ನಡದಲ್ಲಿ ಇದು ಚಂದ. ಇಂಗ್ಲಿಷಿಗೆ ಹೋದಾಗ ಫಜೀತಿ. ಹೈದರಾಬಾದಿನಲ್ಲಿ ಸಂದರ್ಶನಕ್ಕೆ ಕೂತ ನಮ್ಮ ಒಬ್ಬ ಹುಡುಗನನ್ನು ನಿಮ್ಮ ತಂದೆ ಏನು ಮಾಡುತ್ತಾರೆ ಎಂದು ಕೇಳಿದ್ದಾರೆ. "ನಥಿಂಗ್ ಸರ್, ಅಗ್ರಿಕಲ್ಚರ್" ಎಂದಿದ್ದಾನೆ. ಎದುರಿಗಿದ್ದವರು, ಒಕ್ಕಲುತನ ನಿನಗೆ ಏನೂ ಅಲ್ಲವೇ ಎಂದು ಹಿಡಿದುಕೊಂಡು ಅರ್ಧ ಗಂಟೆ ಹೈರಾಣು ಮಾಡಿದ್ದಾರೆ. ವಾಪಸ್ ಬಂದವನು ನನ್ನೆದುರು ಕೂತು, "ಮೇಡಂ, ನಾ ಹಂಗ ಅಂದೇ ಇಲ್ರೀ" ಎಂದು ಆಣೆ ಮಾಡುತ್ತಾನೆ. ತನ್ನ ಬಾಯಿಂದ ಆ ಮಾತು ಬಂದದ್ದೇ ಅವನಿಗೆ ಕೇಳಿಸಿರಲಿಲ್ಲ. ಅವತ್ತಿನಿಂದ ನಾನು ಮೇಜಿನ ಮೇಲೆ ಒಂದು ಸ್ಟೀಲ್ ಗ್ಲಾಸು, ಒಂದು ಚಮಚ ಇಟ್ಟುಕೊಂಡೆ. ಯಾರು ‘ನಥಿಂಗ್’ ಎಂದರೂ, ‘ಏನಿಲ್ರೀ’ ಎಂದರೂ ಟಣ್ ಎಂದು ಬಾರಿಸುವುದು. ಹುಡುಗರು ನನಗೆ ಗಂಟೆ ಮೇಡಂ ಎಂದು ಹೆಸರಿಟ್ಟರು. ಇಟ್ಟುಕೊಳ್ಳಲಿ ಬಿಡಿ, ಗಂಟೆಯಿಂದ ಎಷ್ಟೋ ಜನ ದಾಟಿಹೋದರು.

ಸಂದರ್ಶನದ ಜೊತೆಗೇ ಕಾಲೇಜಿನವರು ನಡೆಸುವ ಗುಂಪು ಚರ್ಚೆಯದು ಇನ್ನೊಂದು ಕಥೆ. ಬೇರೆ ಊರಲ್ಲಿ ಹುಡುಗರು ಒಬ್ಬರ ಮಾತನ್ನು ಇನ್ನೊಬ್ಬರು ಕತ್ತರಿಸುತ್ತಾರಂತೆ, ಅದನ್ನು ತಡೆಯುವುದೇ ಶಿಕ್ಷಕರಿಗೆ ಕೆಲಸವಂತೆ. ನಮ್ಮಲ್ಲಿ ಮೊದಲ ಸಲ ಎಂಟು ಮಂದಿಯನ್ನು ಕೂರಿಸಿ ವಿಷಯ ಕೊಟ್ಟರೆ ಉಪಚಾರವೇ ಶುರುವಾಯಿತು. "ನೀವ್ ಮೊದ್ಲ ಮಾತಾಡ್ರಿ." "ಛೇ, ನೀವ್ ಹಿರಿಯರು, ನೀವ್ ಶುರು ಮಾಡ್ರಿ." "ನಂದೇನದರಿ, ಅವ್ರು ಹೇಳ್ಲಿ." ಸಮಯ ಮುಗಿಯುವವರೆಗೂ ಇದೇ ನಡೆಯಿತು. ಸಿಟ್ಟು ಬಂತು, ನಗುವೂ ಬಂತು. ಇಷ್ಟು ಒಳ್ಳೆಯ ನಡತೆಯ ಮಕ್ಕಳನ್ನು ಕೆಡಿಸುವುದಕ್ಕೆ ನನಗೆ ಸಂಬಳ ಕೊಡುತ್ತಾರಲ್ಲ ಎಂದುಕೊಂಡೆ.

ಹೊಸ ಹುಡುಗಿಗೆ ಇನ್ನೊಂದು ಹೇಳಬೇಕು, ಇದನ್ನು ಯಾರೂ ಹೇಳಿಕೊಡುವುದಿಲ್ಲ. ಈ ಕೆಲಸದಲ್ಲಿ ನೀನು ಒಂಟಿಯಾಗುತ್ತೀಯ. ‘ನಿನ್ನ ಬಗ್ಗೆ ಹೇಳು’ ಎಂಬುದು ಮೊದಲ ಪ್ರಶ್ನೆ. ಇಪ್ಪತ್ತೆರಡು ವರ್ಷದ ಹುಡುಗನನ್ನು ಅವನ ಜನ್ಮದಲ್ಲಿ ಯಾರೂ ಹಾಗೆ ಕೇಳಿರುವುದಿಲ್ಲ. ಯಾರ ಮಗ, ಯಾವ ಊರು, ಯಾರ ಪೈಕಿ ಎಂದು ಕೇಳಿರುತ್ತಾರೆ, ಅಷ್ಟೇ. ನೀನು ನಗದೆ, ಸಮಾಧಾನ ಮಾಡದೆ, ಮತ್ತೆ ಮತ್ತೆ ಕೇಳಬೇಕು. ಮೂರನೆಯ ವಾರಕ್ಕೆ ಅವನು ಮನೆಯಲ್ಲಿ ಯಾರಿಗೂ ಹೇಳದ್ದನ್ನು ನಿನಗೆ ಹೇಳುತ್ತಾನೆ. ಕೆಲವರು ಅಳುತ್ತಾರೆ. ಆಮೇಲೆ ಸೀಟು ಸಿಕ್ಕವರು ಹೋಗಿಬಿಡುತ್ತಾರೆ, ಸಿಗದವರು ನಿನ್ನನ್ನು ಕಂಡರೆ ದಾರಿ ಬದಲಿಸುತ್ತಾರೆ. ಒಮ್ಮೆ ಶರಣಬಸವೇಶ್ವರ ದೇವಸ್ಥಾನದ ಹತ್ತಿರ ಹಳೆಯ ಶಿಷ್ಯನೊಬ್ಬ ಹೆಂಡತಿ ಮಗುವಿನೊಂದಿಗೆ ಎದುರಾದ. ನನ್ನನ್ನು ನೋಡಿದ, ನೋಡಿದವನೇ ಹೂವಿನ ಅಂಗಡಿಯ ಕಡೆ ತಿರುಗಿ ದರ ಕೇಳತೊಡಗಿದ. ತನ್ನ ಅಣ್ಣನ ಮೇಲಿನ ಹೊಟ್ಟೆಕಿಚ್ಚನ್ನು ಅವನು ನನ್ನ ಒಬ್ಬಳಿಗೇ ಹೇಳಿದ್ದ. ಅಷ್ಟು ತಿಳಿದವಳನ್ನು ಹೆಂಡತಿಗೆ ಏನೆಂದು ಪರಿಚಯಿಸಬೇಕು? ಅವನ ಮೇಲೆ ನನಗೆ ಸಿಟ್ಟಿಲ್ಲ. ಅವತ್ತು ದೇವರಿಗೆ ಕೈ ಮುಗಿದವಳೇ ಅವನ ಎದುರಿಗೆ ಬರದ ದಾರಿ ಹಿಡಿದು ಮನೆಗೆ ಹೋದೆ.

ನನ್ನ ತಾಯಿ ಇರುವವರೆಗೆ ಮನೆಗೆ ಹೋದ ಮೇಲೆ ಒಂದು ಮಾತಿತ್ತು. ಆಕೆ ತೀರಿಕೊಂಡ ಮೇಲೆ ಕುಸನೂರ ಕಡೆ ಹೊಸ ಬಡಾವಣೆಯಲ್ಲಿ ಮನೆ ಮಾಡಿದೆ. ಅಕ್ಕಪಕ್ಕ ಖಾಲಿ ಪ್ಲಾಟು. ಭಾನುವಾರ ಬಂದರೆ ನನಗೆ ದಿಗಿಲು. ದಿನವಿಡೀ ನನ್ನ ಬಾಯಿಂದ ಹೊರಡುವ ಮಾತೆಂದರೆ ಹಾಲಿನವನಿಗೆ ಹೇಳುವುದು ಒಂದೇ. ಮದುವೆ ಆಗಲಿಲ್ಲ, ಅದಕ್ಕೆ ಕಥೆಯೇನೂ ಇಲ್ಲ, ಆಗಲಿಲ್ಲ ಅಷ್ಟೇ. ಸಾವಿರ ಜನರನ್ನು ನಿನ್ನ ಬಗ್ಗೆ ಹೇಳು ಎಂದು ಕೇಳಿದವಳನ್ನು ತಿರುಗಿ ಕೇಳಿದವರು ಯಾರೂ ಇರಲಿಲ್ಲ. ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ, ಅದು ನನಗೆ ನೋವಾಗಿತ್ತು.

ಇನ್ನು ಮಹಾನಂದಾಳ ವಿಷಯ. ಇದನ್ನು ಬರೆಯಲೆಂದೇ ಕೂತಿದ್ದೇನೆ ಎನ್ನಿ.

ಮಹಾನಂದಾ ಕಮಲಾಪುರದವಳು. ಅಲ್ಲಿಯ ಕೆಂಪು ಬಾಳೆಹಣ್ಣು ಎಲ್ಲರಿಗೂ ಗೊತ್ತು, ಇವರದೂ ಅದೇ ತೋಟ. ದಿನಾ ಬೆಳಿಗ್ಗೆ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ಹೋಗುವಳು, ಒಂದು ದಿನವೂ ತಡವಿಲ್ಲ. ಪರೀಕ್ಷೆಯಲ್ಲಿ ಅವಳದು ಭಾರಿ ಕೈ. ಉದ್ದುದ್ದ ಇಂಗ್ಲಿಷ್ ಪಾಠ ಓದಿ, ಬರೆದವನು ಬಾಯಿಬಿಟ್ಟು ಹೇಳದೇ ಇದ್ದದ್ದನ್ನು ಹೆಕ್ಕಿ ತೆಗೆಯುವಳು. "ಈ ಹುಡುಗಿ ಇಷ್ಟು ಹ್ಯಾಂಗ ಹಿಡೀತಾಳ?" ಎಂದು ಡೈರೆಕ್ಟರ್ ಸರ್‌ಗೇ ಆಶ್ಚರ್ಯ. ದೊಡ್ಡ ಕಾಲೇಜುಗಳಿಂದ ಸಂದರ್ಶನಕ್ಕೆ ಕರೆ ಬಂತು. ಹೋದಳು, ಆಗಲಿಲ್ಲ. ಮರುವರ್ಷ ಮತ್ತೆ ಬರೆದಳು, ಮತ್ತೆ ಕರೆ ಬಂತು, ಮತ್ತೆ ಆಗಲಿಲ್ಲ.

ಕೊರತೆ ಎಲ್ಲಿದೆ ಎಂದು ನನಗೆ ಕಾಣುತ್ತಿತ್ತು. ತಂದೆ ಏನು ಮಾಡುತ್ತಾರೆ ಎಂದು ಕೇಳಿದರೆ, "ನಥಿಂಗ್, ಮೇಡಂ" ಎಂದು ಅಲ್ಲಿಗೇ ನಿಲ್ಲಿಸುವಳು. ಬೇರೆಯವರಾದರೆ ಆ ‘ಏನಿಲ್ಲ’ದ ಹಿಂದೆ ಒಂದು ಮಿಲ್ಲೋ, ಹೊಲವೋ ಬರುತ್ತಿತ್ತು. ಇವಳದರ ಹಿಂದೆ ಏನೂ ಬರುತ್ತಿರಲಿಲ್ಲ. ನಾನು ಗ್ಲಾಸು ಬಾರಿಸುವೆ. ಅವಳು ತಲೆ ತಗ್ಗಿಸಿ, ನಾನು ಹೇಳಿಕೊಟ್ಟ ಹಾಗೆ "ನಮ್ಮದು ಕಮಲಾಪುರದಲ್ಲಿ ಕೆಂಪು ಬಾಳೆಯ ತೋಟ" ಎಂದು ಇಂಗ್ಲಿಷಿನಲ್ಲಿ ಒಪ್ಪಿಸುವಳು. ತಪ್ಪಿಲ್ಲ, ಜೀವವೂ ಇಲ್ಲ.

ಮೂರನೆಯ ವರ್ಷವೂ ಕರೆ ಬಂದಾಗ ನಾನು ಅವಳನ್ನು ಉಳಿಸಿಕೊಂಡು ಕನ್ನಡದಲ್ಲೇ ಕೇಳಿದೆ. "ಮಹಾನಂದಾ, ಇದೇ ಕಡೀ ಸಲ ಅಂತ ನೀನೇ ಹೇಳೀದಿ. ನಿನಗ ಹೋಗೋ ಮನಸ್ಸು ಅದನೋ ಇಲ್ಲೋ?"

"ಅದರಿ ಮೇಡಂ. ಬಾಳ ಅದ."

"ಮತ್ತ ಏನ್ ಅಡ್ಡ ಬರ್ತದ?"

"ಏನಿಲ್ರೀ" ಎಂದಳು. ಎಂದು, ಗ್ಲಾಸಿನ ಕಡೆ ನೋಡಿದಳು. ನಾನು ಬಾರಿಸಲಿಲ್ಲ. ನಮ್ಮ ಕಡೆಯ ಪದ್ಧತಿಯಂತೆ ಕಾದೆ.

"ನಮ್ಮಪ್ಪ ಖರೇನೇ ಏನೂ ಮಾಡಂಗಿಲ್ರೀ" ಎಂದಳು. "ಲಕ್ವಾ ಹೊಡದು ಮಲ್ಗ್ಯಾರ. ಕೈಕಾಲು ಹೋಗ್ಯಾವ, ಮಾತೂ ಹೋಗ್ಯದ. ಒಂದೇ ಮಾತು ಉಳದದ."

"ಯಾವ್ದು?"

"ಅದೇ ರೀ. ಏನಿಲ್ರೀ."

ತೋಟಕ್ಕೆ ಹಣ್ಣು ಕೊಳ್ಳಲು ಬಂದವರು ಹೇಗಿದ್ದೀರಿ ಶಿವಶರಣಪ್ಪನವರೇ ಎಂದರೆ ಅವಳ ಅಪ್ಪ ಮೊದಲಿನಿಂದಲೂ ಹೇಳುತ್ತಿದ್ದದ್ದು ಅದನ್ನೇ. ಮೆದುಳಿಗೆ ಪೆಟ್ಟು ಬಿದ್ದಾಗ ಕೆಲವರಿಗೆ ಹೀಗೆ ರೂಢಿಯ ಒಂದು ಮಾತು ಉಳಿದುಬಿಡುತ್ತದೆ ಎಂದು ಡಾಕ್ಟರು ಹೇಳಿದ್ದರಂತೆ. ನೀರಡಿಕೆಯಾದರೂ ಏನಿಲ್ರೀ, ಬೆನ್ನು ನೊಂದರೂ ಏನಿಲ್ರೀ, ಸಿಟ್ಟು ಬಂದರೂ ಅದೇ. ಯಾವುದಕ್ಕೆ ಯಾವುದು ಎಂಬುದು ಮನೆಯಲ್ಲಿ ಮಹಾನಂದಾಳಿಗೆ ಒಬ್ಬಳಿಗೇ ತಿಳಿಯುತ್ತಿತ್ತು. ತಾಯಿ ಗುರುಬಾಯಿ ದಿನವಿಡೀ ತೋಟದಲ್ಲಿ. ಮಗಳು ಕ್ಲಾಸಿಗೆ ಬಂದಾಗ ಪಕ್ಕದ ಮನೆಯ ಮುದುಕಿ ಕಾವಲು ಕೂರುವಳು. ಸಂಜೆ ಇವಳು ಬರುವಷ್ಟರಲ್ಲಿ ಅಪ್ಪ ಕೂಗಿ ಕೂಗಿ ಸುಸ್ತಾಗಿರುತ್ತಿದ್ದರಂತೆ.

"ನಾ ಹೋದ್ರ ಅವರ ಮಾತು ತಿಳ್ಯೋರು ಯಾರೂ ಉಳ್ಯಂಗಿಲ್ರಿ. ಇಂಟರ್‌ವ್ಯೂದಾಗ ಅಪ್ಪನ ಹೆಸರು ಬಂದ್ರ ಸಾಕು, ಬಾಯಿ ಬಂದ್ ಆಗ್ತದ" ಎಂದಳು.

ಹೋಗು ಎಂದೂ ಹೇಳಲಾಗಲಿಲ್ಲ, ಬೇಡ ಎಂದೂ ಹೇಳಲಾಗಲಿಲ್ಲ. ಅಪ್ಪನ ಬಗ್ಗೆ ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳು, ಬಾಳೆ ತೋಟದ ಹಿಂದೆ ಅಡಗಬೇಡ ಎಂದಷ್ಟೇ ಹೇಳಿ ಕಳಿಸಿದೆ.

ಈ ಹೊತ್ತಿಗೆ ಕೆಲಸದ ರೀತಿಯೇ ಬದಲಾಗಿತ್ತು. ನಾನು ಸೇರಿದಾಗ ಹುಡುಗರು ಇಂಗ್ಲಿಷ್ ಪದಗಳ ಪಟ್ಟಿಯನ್ನು ಮಂತ್ರದ ಹಾಗೆ ಬಾಯಿಪಾಠ ಮಾಡುತ್ತಿದ್ದರು. ಆಮೇಲೆ ಪರೀಕ್ಷೆ ಕಂಪ್ಯೂಟರಿಗೆ ಹೋಯಿತು, ಪಾಠ ಮೊಬೈಲಿಗೆ ಹೋಯಿತು. ಎಲ್ಲಿಯೋ ಇರುವ ಮಾಸ್ತರನ ವಿಡಿಯೋವನ್ನು ಎರಡು ಪಟ್ಟು ವೇಗದಲ್ಲಿ ಓಡಿಸಿ ನೋಡುವುದು ಬಂತು. ನಮ್ಮ ಕ್ಲಾಸಿನ ಬೆಂಚುಗಳು ಒಂದೊಂದಾಗಿ ಖಾಲಿಯಾದವು. ಕೊರೊನಾ ಬಂದು ಹೋದ ಮೇಲೆ ಎಷ್ಟೋ ಕಾಲೇಜುಗಳು ಸಂದರ್ಶನವನ್ನೂ ಲ್ಯಾಪ್‌ಟಾಪಿನಲ್ಲೇ ಮಾಡತೊಡಗಿದವು. ಮೊಳೆಯ ಮೇಲಿನ ಕೋಟನ್ನು ಸರ್ ಮನೆಗೆ ಒಯ್ದರು.

ಮಹಾನಂದಾಳ ಸಂದರ್ಶನವೂ ಹಾಗೆಯೇ. ನಮ್ಮ ಕ್ಲಾಸಿನಲ್ಲೇ ಕೂರಿಸುವುದೆಂದು ಮಾತಾಗಿತ್ತು. ಹಿಂದಿನ ಸಂಜೆ ಅವಳ ಫೋನು. "ಮೇಡಂ, ನಾಳಿ ಹಣ್ಣಿನ ಲಾರಿ ಬರ್ತದಂತರಿ. ಅವ್ವ ತ್ವಾಟಕ್ಕ ಹೋಗ್ಲೇಬೇಕು. ಬಾಜೂ ಮನಿ ಆಯಿ ಮಗಳ ಊರಿಗಿ ಹೋಗ್ಯಾಳ. ಅಪ್ಪನ್ನ ಬಿಟ್ಟು ಬರ್ಲಿಕ್ಕಾಗಲ್ರಿ."

"ನೀ ಬರಬ್ಯಾಡ, ನಾನೇ ಬರ್ತೀನಿ" ಎಂದೆ. ಬೆಳಿಗ್ಗೆ ಕ್ಲಾಸಿನ ಲ್ಯಾಪ್‌ಟಾಪು ಚೀಲಕ್ಕೆ ಹಾಕಿಕೊಂಡು ಕಮಲಾಪುರದ ಬಸ್ಸು ಹತ್ತಿದೆ. ಅಷ್ಟು ವರ್ಷದಲ್ಲಿ ನಾನು ಒಬ್ಬ ವಿದ್ಯಾರ್ಥಿಯ ಮನೆಗೂ ಹೋದವಳಲ್ಲ.

ಪಡಸಾಲೆಯಲ್ಲಿ ಜೋಳದ ಚೀಲದ ಮೇಲೆ ಲ್ಯಾಪ್‌ಟಾಪು ಇಟ್ಟೆವು. ಒಳಗಿನ ಕೋಣೆಯಲ್ಲಿ ಕಿಟಕಿಯ ಪಕ್ಕ ಹೊರಸಿನ ಮೇಲೆ ಶಿವಶರಣಪ್ಪನವರು ಮಲಗಿದ್ದರು. ಎತ್ತರದ ಆಳು, ಕಣ್ಣು ಮಾತ್ರ ಚುರುಕು. ನಾನು ನಮಸ್ಕಾರ ಮಾಡಿದಾಗ "ಏನಿಲ್ರೀ" ಎಂದರು, ಥೇಟ್ ಬರಮಾಡಿಕೊಂಡ ಹಾಗೇ ಇತ್ತು. ಅವರನ್ನು ನೋಡಿಕೊಳ್ಳುವುದು ನನ್ನ ಪಾಲಿನ ಕೆಲಸ. ಕಾಲು ಗಂಟೆ, ಅರ್ಧ ಗಂಟೆ, ಏನು ಮಹಾ ಎಂದುಕೊಂಡು ಪಕ್ಕದಲ್ಲಿ ಕೂತೆ.

ಸಂದರ್ಶನ ಶುರುವಾಯಿತು. ನಡುವಿನ ಗೋಡೆಯಾಚೆ ಅವಳ ದನಿ ಕೇಳುತ್ತಿತ್ತು, ತಡವರಿಕೆ ಇರಲಿಲ್ಲ. ಅಷ್ಟರಲ್ಲಿ ಶಿವಶರಣಪ್ಪನವರು "ಏನಿಲ್ರೀ" ಎಂದರು. ನೀರು ಹಿಡಿದೆ. ತುಟಿ ಮುಚ್ಚಿಕೊಂಡರು. "ಏನಿಲ್ರೀ." ಫ್ಯಾನು ಜೋರು ಮಾಡಿದೆ. ದಿಂಬು ಎತ್ತರಿಸಿದೆ. "ಏನಿಲ್ರೀ! ಏನಿಲ್ರೀ!" ದನಿ ಏರಿತು. ನಾನು ಕೈ ಮುಗಿದು, "ಸ್ವಲ್ಪ ತಡ್ಕೋರಿ, ಮಗಳ ಪರೀಕ್ಷಾ ನಡದದ" ಎಂದೆ. ಅವರಿಗೆ ತಿಳಿಯುತ್ತಿತ್ತು, ಕಣ್ಣಲ್ಲಿ ಕಾಣುತ್ತಿತ್ತು, ಆದರೂ ತಡೆಯಲಾಗುತ್ತಿರಲಿಲ್ಲ.

ಆಚೆ ಮಹಾನಂದಾಳ ಮಾತು ನಿಂತಿತು. "ಕ್ಷಮಿಸಿ ಸರ್, ನನ್ನ ತಂದೆ ಕರೆಯುತ್ತಿದ್ದಾರೆ" ಎಂದು ಇಂಗ್ಲಿಷಿನಲ್ಲಿ ಹೇಳಿದ್ದು ಕೇಳಿಸಿತು. ನಡುವೆ ಎದ್ದು ಹೋಗುವುದೆಂದರೆ ನಮ್ಮ ವೃತ್ತಿಯಲ್ಲಿ ಮುಗಿದೇ ಹೋಯಿತು. ಬೇಡ ಬೇಡ ಎಂದು ನಾನು ಕೈ ಆಡಿಸುತ್ತಿದ್ದೆ. ಅವಳು ನನ್ನ ಕಡೆ ನೋಡದೆ ಬಂದು ಕಿಟಕಿಯ ಬಾಗಿಲನ್ನು ಅರ್ಧ ಎಳೆದಳು. ಬಿಸಿಲು ನೇರ ಅವರ ಕಣ್ಣಿಗೆ ಬಿದ್ದಿತ್ತು, ಕತ್ತು ಹೊರಳಿಸಲು ಅವರಿಗೆ ಬರುತ್ತಿರಲಿಲ್ಲ. ಪಕ್ಕದಲ್ಲೇ ಕೂತಿದ್ದ ನನಗೆ ಅದು ಕಂಡೇ ಇರಲಿಲ್ಲ. ಓಢಣಿಯ ಅಂಚಿನಿಂದ ಅಪ್ಪನ ಗದ್ದ ಒರೆಸಿ ಅವಳು ವಾಪಸ್ ಹೋಗಿ ಕೂತಳು.

ಲ್ಯಾಪ್‌ಟಾಪಿನಿಂದ ಒಬ್ಬ ಹೆಂಗಸಿನ ದನಿ ಕೇಳಿತು, ಏನಂದರು ಅವರು?

"ನಥಿಂಗ್, ಮೇಡಂ" ಎಂದಳು ಮಹಾನಂದಾ. ನನ್ನ ಕೈ ತಾನಾಗಿ ಚಮಚ ಹುಡುಕಿತು. ಅವಳು ಮುಂದುವರಿಸಿದಳು. ಅವರಿಗೆ ಉಳಿದಿರುವುದು ಅದೊಂದೇ ಮಾತು, ಈಗ ಅದರ ಅರ್ಥ ಬಿಸಿಲು ಎಂದು. ನಿನಗೆ ಹೇಗೆ ತಿಳಿಯುತ್ತದೆ ಎಂದು ಕೇಳಿದರು. ಮೊದಮೊದಲು ತಿಳಿಯುತ್ತಿರಲಿಲ್ಲ, ತಪ್ಪು ಮಾಡಿದಾಗ ಅವರು ಸಿಟ್ಟಾಗುತ್ತಾರೆ, ಆ ಸಿಟ್ಟನ್ನೂ ನೋಡಿಕೊಂಡರೆ ಮುಂದಿನ ಸಲ ತಿಳಿಯುತ್ತದೆ ಎಂದಳು. ಆಮೇಲೆ ಒಬ್ಬ ಗಂಡಸು ಮೆಲ್ಲಗೆ ಕೇಳಿದ, ನೀನು ಇಲ್ಲಿಗೆ ಬಂದರೆ ಅವರ ಮಾತು ಯಾರಿಗೆ ತಿಳಿಯುತ್ತದೆ?

ಇಂಥ ಪ್ರಶ್ನೆಗೆ ನಾನು ಹೇಳಿಕೊಡುವ ಉತ್ತರ ಇದೆ. ವ್ಯವಸ್ಥೆ ಮಾಡಿದ್ದೇವೆ, ಮನೆಯವರ ಬೆಂಬಲ ಇದೆ, ಹೀಗೆ. ಅವಳು ಅದನ್ನು ಹೇಳಲಿಲ್ಲ. "ಗೊತ್ತಿಲ್ಲ, ಸರ್" ಎಂದಳು.

ಅಷ್ಟೇ. ಧನ್ಯವಾದ ಹೇಳಿ ಅವರು ಮುಗಿಸಿದರು.

ಸೀಟು ಸಿಕ್ಕಿತು. ಮೊಬೈಲು ಹಿಡಿದುಕೊಂಡು ಕ್ಲಾಸಿಗೆ ಬಂದು ತೋರಿಸಿದಳು, ಡೈರೆಕ್ಟರ್ ಸರ್ ಕುಣಿಯುವುದೊಂದು ಬಾಕಿ. ಕೊತ್ತಂಬರಿಗೆ ಬೆಲೆ ಇದೆ ಎಂದು ಅವತ್ತು ಒಪ್ಪಿಕೊಂಡರು. ಅವಳು ನಗುತ್ತಲೇ ಇದ್ದಳು, ಆದರೆ ಕೂರಲು ಹೇಳಿದರೂ ಕೂರಲಿಲ್ಲ. ನನ್ನ ಕೆಲಸವೂ ಆ ತಿಂಗಳಿಗೇ ಮುಗಿಯಿತು, ವಯಸ್ಸಾಗಿತ್ತು. ಶಾಲು ಹೊದಿಸಿದರು, ಫೋಟೋ ಹಿಡಿದರು, ಮನೆಗೆ ಬಂದೆ. ಮರುದಿನದಿಂದ ಎಲ್ಲ ದಿನವೂ ಭಾನುವಾರ.

ಅದಕ್ಕೇ ಇರಬೇಕು, ಮಹಾನಂದಾ ಹೊರಡುವ ಮೊದಲಿನ ದಿನಗಳಲ್ಲಿ ನಾನು ಮತ್ತೆ ಮತ್ತೆ ಕಮಲಾಪುರಕ್ಕೆ ಹೋದೆ. ಅವಳು ತಾಯಿಗೆ ಅಪ್ಪನ ಮಾತು ಕಲಿಸುತ್ತಿದ್ದಳು. ನಾನೂ ಕೂತೆ. "ಎಳದು ಅಂದ್ರ ನೀರು. ಜಟ್ ಅಂತ ಅಂದ್ರ ನೋವು. ಕಡೀಗಿ ಸಣ್ಣ ಆದ್ರ ಬೇಜಾರ, ಆವಾಗ ಸುಮ್ನ ಬಾಜೂಕ ಕೂತ್ರ ಸಾಕು" ಎನ್ನುವಳು. ಅವರು ಏನಾದರೂ ಅಂದಾಗ ನಾವಿಬ್ಬರೂ ಹೇಳಬೇಕು, ಅವಳು ಸರಿಯೋ ತಪ್ಪೋ ನೋಡುವಳು. ನಾನು ಒಂದೂ ಬಿಡದೆ ತಪ್ಪುತ್ತಿದ್ದೆ. "ಮೇಡಂರೀ, ನೀವ್ ಕೇಳೋಕ್ಕಿಂತ ಮೊದ್ಲೇ ಉತ್ತರ ಹೇಳಾಕತ್ತೀರಿ" ಎಂದು ನಕ್ಕಳು. ಗುರುಬಾಯಿಯೂ ಸೋತು, "ನನಗ ಬಾಳಿಗಿಡದ ಮಾತು ತಿಳೀತದ, ಇವರದ್ ತಿಳ್ಯಂಗಿಲ್ಲ ನೋಡ್ರೀ ಅಕ್ಕೋರ" ಎಂದು ಎದ್ದು ರೊಟ್ಟಿ ಬಡಿಯಲು ಹೋಗುವಳು. ಆ ಮನೆಯಲ್ಲಿ ಕೂತಿದ್ದ ದಿನಗಳೇ ಇತ್ತೀಚಿನ ನನ್ನ ಒಳ್ಳೆಯ ದಿನಗಳು.

ಹೊರಡುವ ದಿನ ಬಂತು. ಚೀಲ ಬಾಗಿಲಲ್ಲಿತ್ತು. ಅವಳು ಅಪ್ಪನ ಕಾಲು ಮುಟ್ಟಿ, ಹೊರಸಿನ ಹತ್ತಿರ ಬಗ್ಗಿ, "ಅಪ್ಪಾ, ಹೋಗಿ ಬರ್ಲೇನು?" ಎಂದಳು.

"ಏನಿಲ್ರೀ" ಎಂದರು ಶಿವಶರಣಪ್ಪನವರು.

ಅದು ಎಳೆದದ್ದಲ್ಲ, ಜಟ್ ಎಂದದ್ದಲ್ಲ, ಕೊನೆಗೆ ಸಣ್ಣಗಾದದ್ದೂ ಅಲ್ಲ. ಅವಳು ಹಾಗೇ ಬಗ್ಗಿ ನಿಂತಿದ್ದಳು. ಆಮೇಲೆ ತಿರುಗಿ ನನ್ನ ಮುಖ ನೋಡಿದಳು. ಆ ಮನೆಯಲ್ಲಿ ಆ ಒಂದು ಮಾತು ತಿಳಿಯುತ್ತಿದ್ದವಳು ಅವಳೊಬ್ಬಳೇ, ಅವಳೇ ನನ್ನನ್ನು ಕೇಳಿದಳು. "ಮೇಡಂ, ಏನಂದ್ರು?"

ನನಗೂ ತಿಳಿದಿರಲಿಲ್ಲ, ಆದರೂ ಅವಳಿಗೆ ಕಲಿಸಿದ ಹಾಗೆಯೇ, ಕಣ್ಣಲ್ಲಿ ಕಣ್ಣಿಟ್ಟು, ತಡವರಿಸದೆ ಹೇಳಿದೆ. "ಹೋಗಿ ಬಾ ಅಂದ್ರವ್ವಾ."

ಅವಳು ತಲೆಯಾಡಿಸಿದಳು. ಚೀಲ ಎತ್ತಿಕೊಂಡಳು. ಗುರುಬಾಯಿ ರಸ್ತೆಯವರೆಗೆ ಹೋಗಿ ಬಸ್ಸು ಹತ್ತಿಸಿ ಬಂದಳು.

ಆಕೆ ಒಳಗೆ ಕಾಲಿಟ್ಟಾಗ ಅವರು ಮತ್ತೊಮ್ಮೆ "ಏನಿಲ್ರೀ" ಎಂದರು, ಮೊದಲಿನ ಹಾಗೆಯೇ. ನಾನು ನೀರು ಹಿಡಿದೆ, ಕುಡಿಯಲಿಲ್ಲ. ದಿಂಬು ಸರಿಮಾಡಿದೆ, ಅದೂ ಅಲ್ಲ. ಅವರು ನನ್ನನ್ನು ನೋಡುತ್ತಿರಲಿಲ್ಲ. "ಗುರುಬಾಯಿ, ನನಗ ತಿಳೀವಲ್ದವ್ವಾ" ಎಂದೆ.

"ನನಗ ತಿಳೀತ್ರೀ" ಎಂದಳು ಗುರುಬಾಯಿ. ಹೊರಸಿನ ಅಂಚಿಗೆ ಕೂತು ಗಂಡನ ಕೈಯನ್ನು ತನ್ನ ಮಡಿಲಿಗೆ ತೆಗೆದುಕೊಂಡಳು. ಇಬ್ಬರೂ ಮಗಳು ಹೋದ ಬಾಗಿಲ ಕಡೆ ನೋಡುತ್ತಿದ್ದರು. ನಾನು ನೀರಿನ ಲೋಟ ಹಿಡಿದುಕೊಂಡು ನಿಂತೇ ಇದ್ದೆ.